ಸಿಪ್ಪೆಯ ಕಷಾಯ

ರೋಬಿಯಾ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದಳು. ದಾಳಿಂಬೆ ಸಿಪ್ಪೆ ಕೊತಕೊತ ಕುದಿಯುತ್ತಿತ್ತು. ಚಿಕ್ಕಮ್ಮ ಸನೋಬರ್ ಎರಡು ಸರದಿ ಕೀಮೋ ತಪ್ಪಿಸಿದ್ದಾಳೆಂದು ಆಸ್ಪತ್ರೆಯಿಂದ ಫೋನ್ ಬಂದಿದ್ದೇ ತಡ, ತಾಷ್ಕೆಂಟಿನ ಪ್ರಯೋಗಾಲಯ ಬಿಟ್ಟು ತನ್ನೂರು ಕುವಾಕ್ಕೆ ಓಡಿ ಬಂದಿದ್ದಳು. ಮೂರನೆಯದು ಇವತ್ತು. ಇದೂ ತಪ್ಪಿದರೆ ಗಡ್ಡೆ ಕೈಮೀರುತ್ತದೆ ಎಂದಿದ್ದರು ವೈದ್ಯರು.

ಚಿಕ್ಕಮ್ಮನಿಗೆ ಅವಸರವೇ ಇಲ್ಲ; ಕೀಮೋ ಬದಲು ಈ ಕಷಾಯವೇ ಸಾಕೆಂದು ಕೂತಿದ್ದಳು. ಅಂಗಳದ ಮಂಚದ ಮೇಲೆ ರೊಟ್ಟಿ ಮುರಿಯುತ್ತ, ಪ್ರತಿ ದಾಳಿಂಬೆಯಲ್ಲೂ ದೇವರು ಸ್ವರ್ಗದ ಕಾಳೊಂದನ್ನು ಇಟ್ಟಿರುತ್ತಾನೆಂದು ಅಜ್ಜಿ ಹೇಳಿದ್ದು ಪತ್ರಿಕೆಯಲ್ಲೂ ಬಂತಲ್ಲ ಎಂದಳು. ಪತ್ರಿಕೆ ಬರೆದದ್ದು, ಕುವಾದ ಮಗಳು ಕ್ಯಾನ್ಸರಿಗೆ ಮದ್ದು ಕಂಡಳು ಎಂದು. ರೋಬಿಯಾಳ ಸಿಪ್ಪೆ ರಸದ ಪ್ರಯೋಗ ನಡೆದದ್ದು ಗಾಜಿನ ಕೊಳವೆಯಲ್ಲಷ್ಟೇ, ಜನರ ಮೇಲಲ್ಲ ಎಂಬ ಸಂಗತಿಯನ್ನು ನುಂಗಿಹಾಕಿತ್ತು.

ರೋಬಿಯಾ ನಾಲ್ಕನೆಯ ಸಲ ಬಿಡಿಸಿ ಹೇಳಿದಳು. "ನಮ್ಮ ಮೈಯಲ್ಲೊಂದು ಕಿಣ್ವ ಇದೆ, ಬೆಳಗಾಗೆದ್ದು ಅಂಗಳ ಗುಡಿಸೋ ಸೊಸೆ ಇದ್ದಂಗೆ ಚಿಕ್ಕಮ್ಮ. ಮೈಯೊಳಗಿನ ನಂಜನ್ನ ಗುಡಿಸಿ ಹೊರಗೆ ಹಾಕುತ್ತೆ. ಗಡ್ಡೇಲಿ ಸೇರ್ಕೊಂಡ್ರೆ ಔಷಧಾನೂ ಕಸ ಅಂತ ಗುಡಿಸಿಬಿಡುತ್ತೆ. ಸಿಪ್ಪೆ ರಸ ಅದರ ಪೊರಕೆ ಕಿತ್ಕೊಳ್ಳುತ್ತೆ, ಅದೂ ಕೊಳವೆ ಒಳಗೆ. ಔಷಧವೇ ಬರದಿರೋ ಮನೇಲಿ ಪೊರಕೆ ಬಚ್ಚಿಟ್ಟು ಏನು ಬಂತು?"

"ನನ್ನ ಸೊಸೆ ಪೊರಕೆ ಮುಟ್ಟೋದೇ ಇಲ್ಲ," ಎಂದಳು ಸನೋಬರ್. "ಅವಳ ಕಥೆ ಬೇರೆ."

ರೋಬಿಯಾ ಹಣೆ ಚಚ್ಚಿಕೊಂಡಳು. ಓದಿದ್ದೆಲ್ಲ ಈ ಒಬ್ಬ ಹೆಂಗಸಿನ ಮುಂದೆ ನೀರಲ್ಲಿ ಹೋಮವಾಗುತ್ತಿತ್ತು. ಒಲೆಯಿಂದ ಪಾತ್ರೆ ಇಳಿಸಿ, ಕಷಾಯವನ್ನು ಅಂಗಳದ ಕಾಲುವೆಗೆ ಸುರಿದೇಬಿಟ್ಟಳು.

ಕೆಂಪು ನೀರು ಹರಿದುಹೋಗುವುದನ್ನು ಚಿಕ್ಕಮ್ಮ ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಅದು ಎಷ್ಟು ಕಹಿ ಅಂತ ನಿಂಗೆ ಗೊತ್ತಾ? ನಾನು ಆಸ್ಪತ್ರೆಗೆ ಹೋದ್ರೆ ಮೊಹಲ್ಲಾದೋರು ಏನಂತಾರೆ? ಸ್ವಂತ ಚಿಕ್ಕಮ್ಮನೇ ಇವಳ ಮದ್ದು ನಂಬಲಿಲ್ಲ ಅಂತಾರೆ. ನಿನ್ನ ಮಾನಕ್ಕೆ ಅಂತ ಕುಡಿದೆ ಕಣೇ."

ರೋಬಿಯಾ ಪಾತ್ರೆ ಕೆಳಗಿಟ್ಟಳು. "ನನ್ನ ಮಾನ ಮಣ್ಣಾಗಲಿ. ನೀನು ಉಳ್ಕೋ, ಸಾಕು," ಎಂದು ಚಿಕ್ಕಮ್ಮನ ಕಾಲಿಗೆ ತಾನೇ ಚಪ್ಪಲಿ ತೊಡಿಸಿದಳು. ಸನೋಬರ್ ಬಿಸ್ಮಿಲ್ಲಾ ಎಂದು ಎದ್ದಳು.

ಬಾಗಿಲು ತೆರೆದರೆ ಹೊರಗಿನ ಕಟ್ಟೆಯ ಮೇಲೆ ನಾಲ್ವರು ಹೆಂಗಸರು ಕುಳಿತಿದ್ದರು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಖಾಲಿ ಜಾಡಿ. ಮೊದಲು ಎದ್ದವಳು ಮುದುಕಿ. ರೋಬಿಯಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ನನ್ನ ಮಗನೂ ಇವತ್ತಿಂದ ಆಸ್ಪತ್ರೆ ಔಷಧ ಬಿಟ್ಟ ತಾಯೀ. ನಿನ್ನ ಕೈಯಿಂದ್ಲೇ ಕಷಾಯ ತುಂಬಿಸಿಕೊಡು."