ಪಂಚೆಯ ಮೇಲಿನ ಕಡಲು

ಅಮೆರಿಕದ ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ವಸುಧಾ ಪರದೆಯಂತೆ ಗೋಡೆಗೆ ಕಟ್ಟಿದ್ದ ಬಿಳಿ ಪಂಚೆ ಗಾಳಿಗೆ ಅಲುಗಿದಾಗಲೆಲ್ಲ ಅದರ ಮೇಲಿನ ಕಡಲೂ ಅಲುಗುತ್ತಿತ್ತು. ಕಡಲಿನ ಮುಂದೆ ಕಿರಿದಾದ ಒಂದು ಕಲ್ಲಿನ ಬಾಗಿಲು. ಆಫ್ರಿಕಾದ ಘಾನಾದಲ್ಲಿನ ಹಳೆಯ ಕೋಟೆ ನೋಡಿಬಂದ ಆಫೀಸಿನ ಆಫ್ರಿಕನ್-ಅಮೆರಿಕನ್ ಗೆಳತಿ ಡೋರಿಸ್ ಸ್ಲೈಡು ತೋರಿಸುತ್ತಿದ್ದಳು.

“ನಮ್ಮ ಹಿಂದಿನವರನ್ನ ಗುಲಾಮರನ್ನಾಗಿ ಮಾಡಿ ಹಡಗು ಹತ್ತಿಸಿದ್ದು ಇಲ್ಲಿಂದಲೇ. ಹೋದವರು ಯಾರೂ ತಿರುಗಿ ಬರಲಿಲ್ಲ,” ಎಂದಳು ಇಂಗ್ಲಿಷಿನಲ್ಲಿ.

ಡೋರಿಸ್ ಮನೆಗೆ ಹೊರಟಾಗಲೆಲ್ಲ, “ಹೋಗ್ತೀನಿ ಅನ್ನಬಾರದು ಕಣೇ, ಹೋಗಿ ಬರ್ತೀನಿ ಅನ್ನು,” ಎಂದು ಕನ್ನಡ ಕಲಿಸಿದವಳು ವಸುಧಾಳೇ. ಆ ಬಾಗಿಲಲ್ಲಿ ಹಾಗೆನ್ನಲು ಯಾರನ್ನು ಬಿಟ್ಟಿದ್ದರು?

ಮುಂದಿನ ಸ್ಲೈಡು ಬಿತ್ತು. ಡೋರಿಸ್ ಒಬ್ಬಳೇ ಕಡಲ ಕಡೆಯಿಂದ ಅದೇ ಬಾಗಿಲೊಳಗೆ ಕಾಲಿಡುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು.

“ಈ ಫೋಟೋದಲ್ಲಿ ಏನೋ ಹೇಳ್ತಿದ್ದೀಯಲ್ಲ, ಏನದು?” ಎಂದಳು ವಸುಧಾ.

ಡೋರಿಸ್ ಪಂಚೆಯಿಂದ ಕಣ್ಣು ಕೀಳದೆ, ಕಲಿತ ಕನ್ನಡದಲ್ಲೇ ಹೇಳಿದಳು: “ಹೋಗಿ ಬಂದ್ವಿ.”