ಅಧ್ಯಕ್ಷರ ಉಪ್ಪಿಟ್ಟು

ಅವ್ವ ಹಸಿವಿನ ಮಾತೆತ್ತಿದಳು. ಸುನಿಲಕುಮಾರ ಅದನ್ನು ಜರ್ಮನ್‌ಗೆ ತರದೆ ನುಂಗಿಕೊಂಡ.

ಜರ್ಮನಿಯ ಶ್ವೀಬರ್ಡಿಂಗೆನ್ ಊರಿನ ಶಾಲೆ, ಅವನ ಮಗಳು ಕೀರ್ತಿಯ ತರಗತಿ. ಅರವತ್ತರ ದಶಕದ ಅಮೆರಿಕದ ಅಧ್ಯಕ್ಷನೊಬ್ಬನ ಪಾಠ ನಡೆದಿತ್ತು. ಒಂದು ಪುಸ್ತಕ ಅವನನ್ನು ಹಸಿದ ದೇಶಗಳಿಗೆ ಗೋಧಿ ಕಳಿಸಿದ ಪುಣ್ಯಾತ್ಮ ಎಂದಿತ್ತು. ಇನ್ನೊಂದು ಬರೀ ಯುದ್ಧ ಬರೆದು, ಗೋಧಿಯ ಸುದ್ದಿಯನ್ನೇ ಬಿಟ್ಟಿತ್ತು. ಆ ಗೋಧಿ ತಿಂದವರನ್ನೇ ಕರೆಸೋಣ ಎಂದರು ಟೀಚರ್. ಊರಿಂದ ಬಂದಿದ್ದ ಅವನ ಅವ್ವ ಅಂಬವ್ವ ಹೀಗೆ ಸಾಕ್ಷಿಯಾದಳು.

ಕೀರ್ತಿ ಹಿಂದಿನ ವಾರವಿಡೀ ಅಡುಗೆಮನೆಯಲ್ಲಿ ಅಜ್ಜಿಯ ಜೊತೆ ಕೂತು ಮಾತಾಡಿದ್ದಳು. "ಅಜ್ಜಿ ಮಾತು ನಾನ ಹೇಳ್ತೀನಿ ಪಪ್ಪಾ. ನನಗ ಎಲ್ಲಾ ಗೊತ್ತು."

"ನಿನ್ನ ಕನ್ನಡ ಸಾಲೂದಿಲ್ಲ. ನಾ ಬರ್ತೀನಿ."

ಕಾರಣ ಬೇರೆಯಿತ್ತು. ಕಂಪನಿಯಲ್ಲಿ ಅವನ ಮೇಲಧಿಕಾರಿಯ ಮಗಳು ಲೇನಾ ಅದೇ ತರಗತಿಯಲ್ಲಿದ್ದಳು. ಇಲ್ಲಿ ಆಡಿದ್ದು ನಾಳೆ ಆಫೀಸಿನ ಕಾಫಿ ಮೇಜಿಗೆ ಬರುತ್ತಿತ್ತು. ತನ್ನದು ನೂರೆಕರೆ ಹೊಲದ ಮನೆತನ ಎಂದು ಅವನು ಅದೇ ಮೇಜಿನಲ್ಲಿ ಹೇಳಿಕೊಂಡು ವರ್ಷಗಳಾಗಿದ್ದವು.

ಒಳಗೆ ಬಂದಾಗ ಲೇನಾಳೇ ಎದ್ದು ಕುರ್ಚಿ ಕೊಟ್ಟು, ಅವ್ವನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಒಳ್ಳೆಯ ಸಂಸ್ಕಾರ ಎಂದುಕೊಂಡಿದ್ದ.

"ಸಾಲ್ಯಾಗ ಅಮೆರಿಕಾದ ಗೋಧಿ ಉಪ್ಪಿಟ್ಟು ಕೊಡ್ತಿದ್ರು," ಎಂದಳು ಅವ್ವ. "ಅದಕ್ಕಂತನ ನಾ ಸಾಲಿಗೆ ಹೋಗಾಕಿ. ಅರ್ಧ ತಿಂದು, ಅರ್ಧ ಉಡ್ಯಾಗ ಕಟ್ಕೊಂಡು ತಮ್ಮಗ ಒಯ್ತಿದ್ದೆ."

"ಶಾಲೆಯಲ್ಲಿ ತಿಂಡಿ ಕೊಡುತ್ತಿದ್ದರು. ಅಮ್ಮನಿಗೆ ಓದು ಅಂದರೆ ಪ್ರೀತಿ," ಎಂದ ಅವನು ಜರ್ಮನ್‌ನಲ್ಲಿ.

ಮಕ್ಕಳು ಅವ್ವನನ್ನು ಬಿಟ್ಟು ಅವನ ಮುಖ ನೋಡಿದರು. ಉಚ್ಚಾರಣೆ ತಪ್ಪಿತೇನೋ ಅನ್ನಿಸಿತು.

"ಆಮ್ಯಾಲ ಆ ಅಧ್ಯಕ್ಷ ಗೋಧಿ ಹಡಗ ತಡದನಂತ, ನಮ್ಮ ದೇಶ ಅವನ ಮಾತು ಕೇಳ್ಲಿ ಅಂತ. ಉಪ್ಪಿಟ್ಟು ನಿಂತ್ಹೋತು. ನಾ ಸಾಲಿ ಬಿಟ್ಟೆ. ತಮ್ಮ ದಿನಾ ಹೊಸ್ತಿಲ ಮ್ಯಾಲ ಕುಂತು ನನ್ನ ಉಡಿ ನೋಡಾಂವ." ಅವ್ವನ ಕೈ ಈಗಲೂ ಸೀರೆಯ ಉಡಿಯ ಮೇಲಿತ್ತು. "ಆ ಮಳಿಗಾಲ ದಾಟಲಿಲ್ಲ ಅಂವ."

ಸುನಿಲಕುಮಾರನ ಕಿವಿ ಬಿಸಿಯಾಯಿತು. "ಸ್ವಲ್ಪ ದಿನ ಗೋಧಿ ತಡವಾಗಿ ಬಂತು. ಆದರೂ ಆ ಅಧ್ಯಕ್ಷರನ್ನು ಅಮ್ಮ ಕೃತಜ್ಞತೆಯಿಂದ ನೆನೆಯುತ್ತಾರೆ."

"ಅವರು ಹೇಳಿದ್ದು ಅಷ್ಟೇನಾ?" ಟೀಚರ್ ಮೆತ್ತಗೆ ಕೇಳಿದರು.

"ಅಷ್ಟೇ."

ಕೀರ್ತಿ ತಲೆ ತಗ್ಗಿಸಿದಳು. ಅವ್ವ ಮಗನ ಕಡೆ ತಿರುಗಿದಳು. "ನಾ ಇಷ್ಟುದ್ದ ಹೇಳೀನಲ್ಲೋ. ಇವರ ಭಾಷಾದಾಗ ಅದು ಅಷ್ಟ ಸಣ್ಣದಾಗ್ತದೇನು?"

"ಹೂಂ ಅವ್ವಾ. ಇವರ ಭಾಷಾನ ಹಂಗ."

ಅವಳು ನಂಬಿದಳು. ಅದೇ ಅವನನ್ನು ಹೆಚ್ಚು ಚುಚ್ಚಿತು. ಆ ಪುಸ್ತಕಗಳನ್ನು ಬರೆದವರೂ ಹೀಗೇ, ಎದುರಿಗಿದ್ದ ಯಾರದೋ ಮುಖಕ್ಕೆ ಅಂಜಿ ಒಂದಷ್ಟನ್ನು ಬಿಟ್ಟಿರಬೇಕು. ಇರಲಿ, ಮುಗಿಯಿತಲ್ಲ. ಎದ್ದು ಅವ್ವನ ಸ್ವೆಟರ್ ಕೈಗೆತ್ತಿಕೊಂಡ.

ಮೊದಲ ಸಾಲಿನಲ್ಲಿ ಲೇನಾ ಕೈಯೆತ್ತಿದ್ದಳು.

"ಉಡಿಯಲ್ಲಿ ಬರುವ ಉಪ್ಪಿಟ್ಟಿಗೆ ಕಾಯುತ್ತಿದ್ದನಲ್ಲ ಅಜ್ಜಿಯ ತಮ್ಮ, ಹೋದ ವಾರ ಕೀರ್ತಿ ನಮಗೆಲ್ಲ ಹೇಳಿದಾಗ ಅವನ ಹೆಸರೊಂದೇ ಅವಳಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತೇ?"