ಅಲ್ಲಾಡಬಾರದ ಹಣೆ

ರಂಗದ ಮೇಲೆ ತಮ್ಮ ತಪ್ಪು ಮಾಡುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತ ಅಕ್ಕನ ಕಣ್ಣಿಗೆ ಅದೊಂದೇ ಹೊಡೆಯುತ್ತಿತ್ತು. ಎಡಗಡೆ ಬಾಯಿ ಜೋತಿದೆ, ಕೆನ್ನೆ ಇಳಿದಿದೆ, ಸರಿ. ಆದರೆ ಹಣೆ? ಹುಬ್ಬೇರಿಸಿದಾಗಲೆಲ್ಲ ಎರಡೂ ಕಡೆ ಗೆರೆಗಳು ಮೂಡುತ್ತಿವೆ!

ನಾಟಕದಲ್ಲಿ ಅವನದು ಅರ್ಧ ಮುಖಕ್ಕೆ ಲಕ್ವ ಹೊಡೆದ ಕ್ಷೌರಿಕನ ಪಾತ್ರ. ಹೇಳಿಕೊಟ್ಟವಳು ಅವಳೇ. ಆಸ್ಪತ್ರೆಯಲ್ಲಿ ಅಂಥ ಮುಖಗಳಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ವರ್ಷಗಟ್ಟಲೆ ಅಲ್ಲಾಡದ ಕೆನ್ನೆಗಳನ್ನು ತೀಡಿ ತೀಡಿ ಅವಳೊಳಗೂ ಏನೋ ಮರಗಟ್ಟಿತ್ತು. ಎದುರಿಗೆ ಯಾರು ಅತ್ತರೂ ಮನಸ್ಸಿಗೆ ತಟ್ಟುತ್ತಿರಲಿಲ್ಲ. ಯಾವ ಸ್ನಾಯು ಎಳೆಯುತ್ತಿದೆ ಎಂದಷ್ಟೇ ನೋಡುತ್ತಿದ್ದಳು.

ತಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಅವನ ಕಿವಿಯ ಕೆಳಗೆ ಬೆರಳೊತ್ತಿ ಪಾಠ ಮಾಡಿದ್ದಳು.

“ನರ ಇಲ್ಲಿಂದ ಹೊರಗೆ ಬರುತ್ತೆ. ಆಮೇಲೆ ಕೈಬೆರಳು ಬಿಡಿಸಿದ ಹಾಗೆ ಐದು ಕವಲು. ಹಣೆ, ಕಣ್ಣು, ಕೆನ್ನೆ, ಬಾಯಿ, ಕತ್ತು. ಬುಡದಲ್ಲೇ ಕೆಟ್ಟರೆ ಐದೂ ಕೆಟ್ಟ ಹಾಗೆ. ಬಾಯಿ ಸೊಟ್ಟಗಿದ್ದು ಹಣೆ ಮಾತ್ರ ಆಡ್ತಿದೆ ಅಂದ್ರೆ ಅದು ಮಿದುಳಿನ ಕಾಯಿಲೆ. ಬೇರೆ ನಾಟಕವೇ ಆಗ್ಬಿಡುತ್ತೆ ಕಣೋ.”

“ಅಷ್ಟೆಲ್ಲಾ ನೋಡೋರು ಯಾರಕ್ಕಾ?”

“ನಾನು.”

ಅವನು ಹಟ ಹಿಡಿದು ಕಲಿತ. ಎಡಹಣೆ ಗಾರೆ ಬಳಿದ ಗೋಡೆಯಂತೆ ನಿಲ್ಲುವ ತನಕ ಕನ್ನಡಿ ಬಿಟ್ಟೇಳಲಿಲ್ಲ. ಪ, ಬ, ಮ ಎನ್ನುವಾಗ ತುಟಿಯಂಚಿನಿಂದ ಗಾಳಿ ಸೋರಿಸುವುದೂ ಬಂತು. ಹಿಂದಿನ ಯಾವ ಪ್ರದರ್ಶನದಲ್ಲೂ ಅವನು ತಪ್ಪಿರಲಿಲ್ಲ.

ಇವತ್ತು ಮಾತ್ರ ಎಲ್ಲ ಎಡವಟ್ಟು. ಎಡಗೈಯ ಬಾಚಣಿಗೆ ಜಾರಿ ಬಿತ್ತು, ಜನ ನಕ್ಕರು. ಎತ್ತಿಕೊಳ್ಳಲು ಹೋದ, ಮತ್ತೆ ಬಿತ್ತು, ಇನ್ನೂ ನಕ್ಕರು. ಕೊನೆಯ ಮಾತು ಅರ್ಧಕ್ಕೇ ತೊದಲಿತು. ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ.

“ಏನ್ ಆಕ್ಟಿಂಗ್ ರೀ!” ಎಂದರು ಪಕ್ಕದವರು.

ಅತಿಯಾಯಿತು ಎಂದುಕೊಂಡಳು ಅಕ್ಕ. ಅವಳೊಬ್ಬಳೇ ಚಪ್ಪಾಳೆ ತಟ್ಟಲಿಲ್ಲ.

ಪರದೆ ಬಿದ್ದೊಡನೆ ಬಣ್ಣದ ಕೋಣೆಗೆ ನುಗ್ಗಿದಳು. ಅವನು ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತಿದ್ದ.

“ಅಷ್ಟು ಬಡ್ಕೊಂಡೆನಲ್ಲೋ! ಹಣೆ ಯಾಕೆ ಎತ್ತಿದೆ?”

ಅವನು ಕನ್ನಡಿಯಿಂದ ಅವಳತ್ತ ಮುಖ ತಿರುಗಿಸಿದ. ಸೊಟ್ಟ ಬಾಯಿ ಸೊಟ್ಟಗೇ ಇತ್ತು. ಅವಳು ಹತ್ತಿ ತೆಗೆದುಕೊಂಡು, ಎಂದಿನಂತೆ, ಯಾವುದೋ ರೋಗಿಯ ಮುಖ ಒರೆಸುವವಳಂತೆ ಅವನ ಬಣ್ಣ ಒರೆಸತೊಡಗಿದಳು.

“ನಾಟಕ ಮುಗೀತು. ಸಾಕು, ಇನ್ನು ಮುಖ ಸಡಿಲ ಬಿಡು.”

“ಆಗಲೇ ಬಿಟ್ಟಿದೀನಿ, ಅಕ್ಕಾ.”